ಅಲೆಮಾರಿಗೆ ಅನ್ನವಿಟ್ಟ ಊರು

ಶಿವಮೊಗ್ಗ ಜಿಲ್ಲೆ ಅಂದ ತಕ್ಷಣ ನಮ್ಮ ಫೋನುಗಳು ತೋರಿಸೋದು ಜೋಗ, ಆಗುಂಬೆ, ಕೊಡಚಾದ್ರಿ. ಮಳೆ, ಮಂಜು, ಜಲಪಾತ, ಮುಗೀತು. ಅದೇ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಮಲೆನಾಡು ಮೆಲ್ಲಗೆ ಬಯಲಿಗೆ ಇಳಿಯುವ ಕಡೆ, ಶಿಕಾರಿಪುರ ಮತ್ತು ಸೊರಬ ಅಂತ ಎರಡು ತಾಲ್ಲೂಕುಗಳಿವೆ. ಪೇಪರ್ ಓದುವವರಿಗೆ ಇವು ಯಡಿಯೂರಪ್ಪನವರ ಮತ್ತು ಬಂಗಾರಪ್ಪನವರ ಕ್ಷೇತ್ರಗಳಾಗಿ ಗೊತ್ತು. ಪ್ರವಾಸಿಗಳಿಗೆ ಅಷ್ಟಾಗಿ ಗೊತ್ತಿಲ್ಲ. ಅಡಿಕೆ ತೋಟ, ಜೋಳದ ಹೊಲ, ಭತ್ತದ ಗದ್ದೆ, ಊರಿಗೊಂದರಂತೆ ಕೆರೆ. ಬಸ್ಸಿನ ಕಿಟಕಿಯಿಂದ ನೋಡಿದರೆ ನಿದ್ದೆ ಬರುವಷ್ಟು ಶಾಂತ.

ಆದರೆ ಈ ಶಾಂತ ನೆಲದ ಚರಿತ್ರೆ ಮತ್ತು ಪುರಾಣ ತೆಗೆದು ನೋಡಿ. ಕೂತಲ್ಲಿ ಕೂರದವರೇ ತುಂಬಿಕೊಂಡಿದ್ದಾರೆ. ಬಳ್ಳಿಗಾವಿಯ ಅಲ್ಲಮಪ್ರಭು, ಉಡುತಡಿಯ ಅಕ್ಕಮಹಾದೇವಿ, ತಾಳಗುಂದದ ಮಯೂರಶರ್ಮ. ಚಂದ್ರಗುತ್ತಿಯ ಬೆಟ್ಟದಲ್ಲಿ ರೇಣುಕಾಂಬೆ, ಅವಳ ಬೆನ್ನಿಗೆ ಕೊಡಲಿ ಹಿಡಿದ ಮಗ ಪರಶುರಾಮ. ಎಲ್ಲರೂ ಊರು ಬಿಟ್ಟವರು, ಅಥವಾ ಊರು ಸಿಗದೆ ಅಲೆದವರು. ಕೈಲಿ ಎರಡು ದಿನ ರಜೆ, ಒಂದು ಬೈಕೋ ಕಾರೋ ಇದ್ದರೆ ಇವರೆಲ್ಲರ ಹೊಸ್ತಿಲು ಮುಟ್ಟಿ ಬರಬಹುದು.

ಮೊದಲು ಶಾಪದ ಕಥೆ

ಅಲೆಮಾರಿ ಅಂದರೆ ನಮ್ಮಲ್ಲಿ ಮೊದಲು ನೆನಪಾಗೋದು ಅಶ್ವತ್ಥಾಮ. ಮಹಾಭಾರತದ ಸೌಪ್ತಿಕ ಪರ್ವದ ಕೊನೆಯಲ್ಲಿ, ಮಲಗಿದ್ದವರನ್ನು ಕೊಂದು, ಗರ್ಭದ ಮಗುವಿನ ಮೇಲೂ ಅಸ್ತ್ರ ಬಿಟ್ಟವನಿಗೆ ಕೃಷ್ಣ ಶಾಪ ಕೊಡುತ್ತಾನೆ: 3,000 ವರ್ಷ ಅಲೆ. ಅಜ್ಜಿಯರು ಈ ಕಥೆ ಹೇಳುವಾಗ ಹಣೆಯ ಗಾಯ, ಸುರಿಯುವ ಕೀವು, ರಕ್ತ ಇವನ್ನೇ ಹಿಗ್ಗಿಸಿ ಹೇಳಿ ನಮ್ಮನ್ನು ಹೆದರಿಸುತ್ತಿದ್ದರು. ಆದರೆ ಶಾಪದ ನಿಜವಾದ ಮುಳ್ಳು ಬೇರೆ ಕಡೆ ಇದೆ. ಮಾತಾಡಲು ಒಬ್ಬರೂ ಸಿಗಬಾರದು, ಜೊತೆಗೆ ಯಾರೂ ಇರಬಾರದು, ಜನರ ನಡುವೆ ಜಾಗ ಇರಬಾರದು. ನಡೆಯೋದು ಶಿಕ್ಷೆಯಲ್ಲ. ನಡೆದು ಹೋದ ಕಡೆ ಯಾವ ಮನೆಯ ಬಾಗಿಲೂ ತೆರೆಯದಿರೋದು ಶಿಕ್ಷೆ.

ಯುರೋಪಿನಲ್ಲೂ ಇಂಥದ್ದೊಂದು ಕಥೆ ಇದೆ, 'ಅಲೆದಾಡುವ ಯಹೂದಿ'ಯದು. 13ನೇ ಶತಮಾನದಷ್ಟು ಹಿಂದೆಯೇ ಕಾಣಿಸಿಕೊಂಡ ಈ ದಂತಕಥೆ 1602ರಲ್ಲಿ ಜರ್ಮನ್ ಭಾಷೆಯ ಒಂದು ಸಣ್ಣ ಪುಸ್ತಿಕೆಯಾಗಿ ಅಚ್ಚಾದ ಮೇಲೆ ಖಂಡದ ತುಂಬ ಹರಡಿತು. ಶಿಲುಬೆ ಹೊತ್ತು ಸುಸ್ತಾದ ಏಸು ಒಬ್ಬ ಚಮ್ಮಾರನ ಮನೆಯ ಗೋಡೆಗೆ ಒರಗಿ ಅರೆಕ್ಷಣ ನಿಂತನಂತೆ. ಆ ಮನೆಯವನು 'ಇಲ್ಲಿ ನಿಲ್ಲಬೇಡ, ನಡಿ' ಅಂದನಂತೆ. ಅದಕ್ಕೆ ಅವನಿಗೆ ಲೋಕ ಮುಗಿಯೋವರೆಗೂ ನಿಲ್ಲದೆ ನಡೆಯುವ ಪಾಡು. ಒಂದು ಇಡೀ ಸಮುದಾಯವನ್ನು ದ್ವೇಷಿಸಲು ಈ ಕಥೆಯನ್ನು ನೂರಾರು ವರ್ಷ ಬಳಸಿಕೊಂಡರು ಅನ್ನೋದು ಬೇರೆಯೇ ದುಃಖ. ಆದರೆ ಕಥೆಯ ಒಳಗಿನ ಲೆಕ್ಕ ಗಮನಿಸಿ. ಅಲ್ಲಿಯೂ ವಿಷಯ ಬಾಗಿಲಿನದ್ದೇ. ದಣಿದವನಿಗೆ ನೆರಳು ಕೊಡದವನು ತಾನೇ ನೆರಳಿಲ್ಲದವನಾದ.

ನಮ್ಮ ಜಿಲ್ಲೆಯ ಪರಶುರಾಮ ಇವರಿಬ್ಬರ ಹತ್ತಿರದ ನೆಂಟ. ಅಶ್ವತ್ಥಾಮನ ಹಾಗೆ ಅವನೂ ಏಳು ಚಿರಂಜೀವಿಗಳಲ್ಲಿ ಒಬ್ಬ. ಸೊರಬದಿಂದ ಹದಿನೈದು ಹದಿನಾರು ಕಿ.ಮೀ. ದೂರದ ಚಂದ್ರಗುತ್ತಿಯಲ್ಲಿ ಬಂಡೆಯ ಗುಹೆಯೊಳಗೆ ರೇಣುಕಾಂಬೆಯ ಗುಡಿ ಇದೆ. ಅಪ್ಪನ ಮಾತು ಕೇಳಿ ಕೊಡಲಿ ಎತ್ತಿದ ಮಗನಿಂದ ತಪ್ಪಿಸಿಕೊಂಡು ಓಡಿ ಬಂದ ತಾಯಿ ಇಲ್ಲಿ ಅಡಗಿದಳು ಅನ್ನೋದು ಇಲ್ಲಿನ ಜನರ ನಂಬಿಕೆ. ಮುಂದಿನ ಭಾಗ ತೀರ್ಥಹಳ್ಳಿಯಲ್ಲಿದೆ. ಎಲ್ಲಿ ತೊಳೆದರೂ ಹೋಗದ ಕೊಡಲಿಯ ರಕ್ತದ ಕಲೆ ತುಂಗೆಯ ನೀರಿನಲ್ಲಿ ಹೋಯಿತು, ಅದಕ್ಕೇ ಅದು ಪರಶುರಾಮ ತೀರ್ಥ. ಕೊನೆಗೆ ಭೂಮಿಯನ್ನೆಲ್ಲ ಗೆದ್ದು ಕಶ್ಯಪನಿಗೆ ದಾನ ಕೊಟ್ಟರೆ, ದಾನ ತೆಗೆದುಕೊಂಡವನು 'ಇನ್ನು ಈ ನೆಲ ನನ್ನದು, ನೀನು ಇಲ್ಲಿರಬೇಡ' ಅಂದುಬಿಟ್ಟ. ಗೆದ್ದವನಿಗೂ ನಿಲ್ಲಲು ನೆಲ ಇಲ್ಲ!

ಚಂದ್ರಗುತ್ತಿಯ ಬೆಟ್ಟ ಹತ್ತುವಾಗ ಈ ಕಥೆ ತಲೆಯಲ್ಲಿ ಇಟ್ಟುಕೊಳ್ಳಿ. ಜನ ಇಲ್ಲಿ ಗುಡಿ ಕಟ್ಟಿರೋದು ಕೊಡಲಿ ಬೀಸಿದವನಿಗಲ್ಲ, ಓಡಿ ಬಂದವಳಿಗೆ. ಆಶ್ರಯ ಕೊಟ್ಟ ಗುಹೆಯೇ ಗರ್ಭಗುಡಿ.

ಬಳ್ಳಿಗಾವಿಯ ಮದ್ದಳೆಗಾರ

ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆ ಇಪ್ಪತ್ತು ಕಿ.ಮೀ. ಚಿಲ್ಲರೆ ಹೋದರೆ ಬಳ್ಳಿಗಾವಿ. ಈಗ ನೋಡಿದರೆ ಒಂದು ಸಾಧಾರಣ ಹಳ್ಳಿ. ಹಂಚಿನ ಮನೆಗಳು, ಟ್ರ್ಯಾಕ್ಟರು, ಅಂಗಳದಲ್ಲಿ ಹರವಿದ ಜೋಳ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ನಾಡಿನ ದೊಡ್ಡ ಪಟ್ಟಣ. ಶಿವ, ವಿಷ್ಣು, ಬ್ರಹ್ಮ, ಜಿನ, ಬುದ್ಧ ಐವರಿಗೂ ಇಲ್ಲಿ ಜಾಗ ಇತ್ತು. ಕೇದಾರೇಶ್ವರ ಮತ್ತು ತ್ರಿಪುರಾಂತಕೇಶ್ವರ ದೇವಾಲಯಗಳು, 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಎತ್ತರದ ಕಂಬ ಇವತ್ತಿಗೂ ಇವೆ.

12ನೇ ಶತಮಾನದಲ್ಲಿ ಈ ಊರಲ್ಲಿ ಒಬ್ಬ ಮದ್ದಳೆ ಬಾರಿಸುವ ಹುಡುಗ ಇದ್ದ. ಹೆಸರು ಅಲ್ಲಮ. ಅವನ ಕಥೆಯನ್ನು ಹರಿಹರ ಒಂದು ಥರ ಹೇಳುತ್ತಾನೆ, 15ನೇ ಶತಮಾನದ ಚಾಮರಸ 'ಪ್ರಭುಲಿಂಗಲೀಲೆ'ಯಲ್ಲಿ ಇನ್ನೊಂದು ಥರ. ಚಾಮರಸನಲ್ಲಿ ಬನವಾಸಿಯ ಅರಸುಮಗಳಾಗಿ ಹುಟ್ಟಿದ ಮಾಯೆಗೂ ಅಲ್ಲಮನಿಗೂ ಮುಖಾಮುಖಿ. ಅಲ್ಲಮ ಮೊದಲಿಂದಲೂ ಯಾವುದೂ ಅಂಟದ ಪ್ರಭು. ಹರಿಹರನ ಅಲ್ಲಮ ಹಾಗಲ್ಲ, ನಮ್ಮ ನಿಮ್ಮ ಹಾಗೆ ಮನುಷ್ಯ. ಕಮಲತೆ ಎಂಬವಳನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಜ್ವರ ಬಂದು ಅವಳು ಸತ್ತುಹೋಗುತ್ತಾಳೆ. ಅಷ್ಟೇ, ಮದ್ದಳೆಗಾರನ ಲೋಕ ಕುಸಿಯಿತು.

ಅಲೆದಾಟ ಶುರುವಾಗೋದು ಇಲ್ಲಿಂದ. ಗುರು ಹುಡುಕಿಕೊಂಡು ಹೊರಟವನಲ್ಲ ಅವನು, ತತ್ವ ಹೇಳಲು ಹೊರಟವನೂ ಅಲ್ಲ. ಸಂಕಟ ತಡೆಯಲಾರದೆ ಸುಮ್ಮನೆ ತಿರುಗುತ್ತಾನೆ. ಒಂದು ದಿನ ಒಂದು ತೋಪಿನಲ್ಲಿ ಕೂತು ಕಾಲ್ಬೆರಳಿನಿಂದ ನೆಲ ಕೆದಕುತ್ತಿದ್ದಾಗ ಮಣ್ಣಿನಲ್ಲಿ ಏನೋ ಹೊಳೆಯುತ್ತದೆ. ಅಗೆಸಿದರೆ ಅದು ಹೂತುಹೋದ ಗುಡಿಯೊಂದರ ಕಳಸ. ಬಾಗಿಲು ಒಡೆದು ಒಳಗೆ ಹೋದರೆ ರೆಪ್ಪೆ ಮಿಟುಕಿಸದೆ ಕೂತ ಅನಿಮಿಷಯ್ಯ. ಅವನು ಅಲ್ಲಮನ ಕೈಗೆ ಲಿಂಗ ಕೊಡುತ್ತಾನೆ, ಕೊಟ್ಟ ಗಳಿಗೆಯಲ್ಲೇ ಅವನ ಉಸಿರು ನಿಲ್ಲುತ್ತದೆ. ಅಲ್ಲಿಂದಾಚೆ ಅಲ್ಲಮ ನಡೆಯುತ್ತಲೇ ಇದ್ದ. ಆದರೆ ಈಗ ನಡಿಗೆಯ ಅರ್ಥ ಬದಲಾಗಿತ್ತು. ಮೊದಲು ದುಃಖದಿಂದ ಓಡುತ್ತಿದ್ದ. ಈಗ ಜನರ ಕಡೆಗೆ ನಡೆಯತೊಡಗಿದ.

ಆಮೇಲೆ ಅವನು ಹೋಗಿ ಭೇಟಿ ಮಾಡಿದವರ ಪಟ್ಟಿ ದೊಡ್ಡದು. ತೋಟ ಅಗೆಯುತ್ತಿದ್ದ ಗೊಗ್ಗಯ್ಯ, ಅಣ್ಣನನ್ನು ಕಳೆದುಕೊಂಡು ಅಳುತ್ತಿದ್ದ ಮುಕ್ತಾಯಕ್ಕ, ಸೊನ್ನಲಿಗೆಯಲ್ಲಿ ಕೆರೆ ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮ, ತನ್ನ ದೇಹ ವಜ್ರದಂತೆ ಗಟ್ಟಿ ಅಂತ ಬೀಗುತ್ತಿದ್ದ ಗೋರಕ್ಷ. ಗೋರಕ್ಷನ ಮೈಗೆ ಕತ್ತಿ ಹೊಡೆದರೆ ಖಣ್ ಅಂತ ಸದ್ದು. ಅಲ್ಲಮನಿಗೆ ಹೊಡೆದರೆ ಕತ್ತಿ ಗಾಳಿಯಲ್ಲಿ ಆಡಿದ ಹಾಗೆ ಆಚೆ ಹೋಯಿತು. ಅಶ್ವತ್ಥಾಮನ ಗಾಯ ಎಷ್ಟು ಸಾವಿರ ವರ್ಷವಾದರೂ ಒಣಗಲಿಲ್ಲ, ಅಲ್ಲಮನಿಗೆ ಗಾಯವಾಗಲು ಜಾಗವೇ ಇರಲಿಲ್ಲ. ಒಂದೇ ಅಲೆದಾಟದ ಎರಡು ತುದಿ ಇವು.

ಒಂದು ಊಟದ ಪಟ್ಟಿ

ಈಗ ಬಳ್ಳಿಗಾವಿಯ ಕೇದಾರೇಶ್ವರ ಗುಡಿಯ ಆವರಣಕ್ಕೆ ಬನ್ನಿ. ಪಕ್ಕದಲ್ಲೇ ಕೆರೆ. ಕೆರೆಯ ಕೋಡಿಯ ಹತ್ತಿರ ಇದ್ದದ್ದರಿಂದ ಇಲ್ಲಿನ ಮಠಕ್ಕೆ ಕೋಡಿಯ ಮಠ ಅಂತಲೇ ಹೆಸರು. ಕಾಳಾಮುಖ ಶೈವ ಗುರುಗಳು ನಡೆಸುತ್ತಿದ್ದ ಮಠ ಅದು. 1162ರ ಒಂದು ಶಾಸನ ಈ ಮಠದಲ್ಲಿ ಏನೇನು ನಡೆಯುತ್ತಿತ್ತು ಅಂತ ವಿವರವಾಗಿ ಹೇಳುತ್ತದೆ. ನಾಲ್ಕು ವೇದ, ವ್ಯಾಕರಣ, ಆರು ದರ್ಶನ, ಯೋಗ, ಪುರಾಣ, ಕಾವ್ಯ, ನಾಟಕ ಎಲ್ಲದರ ಪಾಠ ಇತ್ತು. ಇದನ್ನೇ ಹಿಡಿದು ಪುಸ್ತಕಗಳು ಬಳ್ಳಿಗಾವಿಯನ್ನು ಹಳೆಯ ಕಾಲದ ವಿಶ್ವವಿದ್ಯಾಲಯ ಅನ್ನುತ್ತವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಶಾಸನದ ಮುಂದಿನ ಭಾಗ, ಊಟದ ಪಟ್ಟಿ. ಇಲ್ಲಿ ಯಾರಿಗೆ ಅನ್ನ ಹಾಕುತ್ತಿದ್ದರು? ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಆಮೇಲೆ ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು. ಆಮೇಲೆ ಬತ್ತಲೆ ತಿರುಗುವವರು, ಕ್ಷಪಣಕರು, ಒಂದು ದಂಡ ಹಿಡಿದ ಸನ್ಯಾಸಿಗಳು, ಮೂರು ದಂಡ ಹಿಡಿದವರು, ಹಂಸರು, ಪರಮಹಂಸರು, ನಾನಾ ದೇಶದ ಭಿಕ್ಷುಕರು. ದಿಕ್ಕಿಲ್ಲದ ರೋಗಿಗಳಿಗೆ ಔಷಧವೂ ಇಲ್ಲಿ ಸಿಗುತ್ತಿತ್ತು. ಎಲ್ಲ ಜೀವಿಗಳಿಗೂ ಇದು ಅಭಯದ ಜಾಗ ಅಂತ ಶಾಸನ ಹೇಳಿಕೊಳ್ಳುತ್ತದೆ.

ಸ್ವಲ್ಪ ನಿಧಾನವಾಗಿ ಇನ್ನೊಮ್ಮೆ ಓದಿ. ಶೈವ ಮಠದ ಪಂಕ್ತಿಯಲ್ಲಿ ಕ್ಷಪಣಕರು, ಅಂದರೆ ಬೇರೆ ಮತದ ತಿರುಕರು. ಓದುವವರ ಮಠದಲ್ಲಿ ಕುಣಿಯುವವರು. 'ನಿನ್ನ ದೇವರು ಯಾವುದು, ನಿನ್ನ ಊರು ಯಾವುದು' ಅನ್ನೋ ಪ್ರಶ್ನೆ ಎಲೆ ಹಾಕುವ ಮೊದಲು ಇದ್ದ ಹಾಗೆ ಕಾಣುವುದಿಲ್ಲ. ಶಾಸನಗಳು ಹೊಗಳಿಕೆ ಸೇರಿಸುತ್ತವೆ, ನಿಜ. ಆದರೆ ಒಂದು ಕಾಲ ಯಾವುದನ್ನು ಹೊಗಳಿಕೆ ಅಂತ ತಿಳಿದಿತ್ತು ಅನ್ನೋದು ಮುಖ್ಯ. ಅಲೆಮಾರಿಗಳಿಗೆ ಊಟ ಹಾಕಿದ್ದನ್ನು ಕಲ್ಲಿನಲ್ಲಿ ಕೆತ್ತಿಸಬೇಕು ಅನ್ನಿಸಿತ್ತಲ್ಲ, ಅದು ಸಣ್ಣದಲ್ಲ.

ಇನ್ನೊಂದು ವಿಷಯ. 1162 ಅಂದರೆ ಕಳಚುರಿ ಬಿಜ್ಜಳನ ಕಾಲ. ಅದೇ ಬಿಜ್ಜಳನ ಭಂಡಾರಿ ಬಸವಣ್ಣ ಕಲ್ಯಾಣದಲ್ಲಿದ್ದ ಕಾಲ. ದಿನಕ್ಕೆ 1,96,000 ಜಂಗಮರಿಗೆ ಬಸವಣ್ಣನ ಮನೆಯಲ್ಲಿ ಊಟ ಅಂತ ಶರಣರ ಕಥೆಗಳು ಹೇಳುತ್ತವೆ. ಬಳ್ಳಿಗಾವಿಯ ಅಲ್ಲಮ ಅಲ್ಲಿಗೆ ಹೋದಾಗ ಅಷ್ಟೂ ಜನರಿಗೆ ಮಾಡಿದ ಅಡುಗೆಯನ್ನು ಒಬ್ಬನೇ ಉಂಡು ಮುಗಿಸಿದ ಅನ್ನೋ ಪ್ರಸಂಗ 'ಶೂನ್ಯಸಂಪಾದನೆ'ಯಲ್ಲಿ ಬರುತ್ತದೆ. ಚಿಕ್ಕಂದಿನಲ್ಲಿ ಅದು ಬಕಾಸುರನ ಕಥೆಯ ಹಾಗೆ ತಮಾಷೆ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಕೊಡುವವನಿಗೆ 'ನಾನು ಕೊಟ್ಟೆ' ಅನ್ನೋ ಭಾವ ಉಳಿಯುವವರೆಗೂ ಅಲೆಮಾರಿಯ ಹೊಟ್ಟೆ ತುಂಬುವುದಿಲ್ಲ ಅಂತಲೇ ಆ ಕಥೆ ಹೇಳುತ್ತಿರಬೇಕು.

ಜಂಗಮ ಅಂದರೆ ಚಲಿಸುವುದು, ಸ್ಥಾವರ ಅಂದರೆ ನಿಂತದ್ದು. ವಚನಕಾರರು ಜಂಗಮದ ಕಡೆಗೆ ನಿಂತರು ಅಂತ ಶಾಲೆಯಲ್ಲಿ ಓದಿದ್ದೇವೆ. ಯುರೋಪಿನ ಕಥೆಯಲ್ಲಿ ಶಾಪವಾದ ಅಲೆದಾಟ ಇಲ್ಲಿ ದೇವರ ಇನ್ನೊಂದು ಹೆಸರಾಯಿತು. ಮನೆಗೆ ಬಂದ ತಿರುಕನೇ ಜಂಗಮ, ಅವನಿಗೆ ಇಟ್ಟ ಊಟವೇ ಪೂಜೆ. ಬಾಗಿಲ ಎರಡೂ ಕಡೆ ನಿಂತವರಿಗೆ ಇದರಲ್ಲಿ ಕೆಲಸ ಇದೆ.

ಉಡುತಡಿಯಿಂದ ಒಬ್ಬಳೇ

ಬಳ್ಳಿಗಾವಿಯಿಂದ ದೂರವೇನಲ್ಲ ಉಡುತಡಿ. ಈಗ ಅಲ್ಲಿ ಅಕ್ಕನ ದೊಡ್ಡ ಪ್ರತಿಮೆ ಇದೆ, ಉದ್ಯಾನ ಇದೆ, ಭಾನುವಾರ ಜನ ಇರುತ್ತಾರೆ. ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ ಫೋನಿನಲ್ಲೇ ಮ್ಯಾಪ್ ತೆರೆದು ಒಂದು ಲೆಕ್ಕ ಮಾಡಿ. ಇಲ್ಲಿಂದ ಬಸವಕಲ್ಯಾಣ ಇವತ್ತಿನ ರಸ್ತೆಯಲ್ಲೂ 400 ಕಿ.ಮೀ.ಗಿಂತ ಹೆಚ್ಚು. ಅಲ್ಲಿಂದ ಶ್ರೀಶೈಲ ಇನ್ನೂ ನೂರಾರು ಕಿ.ಮೀ. ಒಬ್ಬ ಹೆಣ್ಣುಮಗಳು ಕೌಶಿಕನ ಅರಮನೆ ಬಿಟ್ಟು, ಬಟ್ಟೆಯನ್ನೂ ಬಿಟ್ಟು, ಕೂದಲನ್ನೇ ಹೊದ್ದು ಇಷ್ಟು ದೂರ ನಡೆದಳು.

ಹಸಿವು, ಬಾಯಾರಿಕೆ, ನಿದ್ದೆ ಮೂರಕ್ಕೂ ದಾರಿಯ ಊರುಗಳಲ್ಲೇ ಉತ್ತರ ಇದೆ ಅನ್ನೋ ಧೈರ್ಯ ಆಕೆಯ ಬಹಳ ಪ್ರಸಿದ್ಧ ವಚನವೊಂದರಲ್ಲಿದೆ. ನಾವು ಅದನ್ನು ಆಕೆಯ ವೈರಾಗ್ಯ ಅಂತ ಓದುತ್ತೇವೆ. ಕೋಡಿಯ ಮಠದ ಊಟದ ಪಟ್ಟಿ ನೋಡಿದ ಮೇಲೆ ನನಗೆ ಅದರಲ್ಲಿ ಇನ್ನೊಂದು ಮಾತೂ ಕೇಳಿಸಿತು. ಊರಿಗೆ ಹೋದರೆ ಭಿಕ್ಷೆ ಸಿಗುತ್ತದೆ ಅನ್ನೋ ನಂಬಿಕೆ ಬರಬೇಕಾದರೆ ಭಿಕ್ಷೆ ಹಾಕುವ ಊರುಗಳು ಇರಬೇಕು. ಕೆರೆ ತೋಡಿಸಿದವರು, ಬಾವಿ ಕಟ್ಟಿದವರು, ಬೆಳಗ್ಗೆ ಎದ್ದು ಒಂದು ಹಿಡಿ ಹಿಟ್ಟು ಎತ್ತಿಟ್ಟವರು ಇರಬೇಕು. ಅಕ್ಕನ ಧೈರ್ಯ ಅಕ್ಕನದೇ. ಆ ಧೈರ್ಯಕ್ಕೆ ನೆಲ ಕೊಟ್ಟವರು ಹೆಸರಿಲ್ಲದ ಮನೆಗಳವರು. ದಾರಿಯಲ್ಲಿ ಕಾಡಿದವರೂ ಇದ್ದರು, ಆಕೆಯ ವಚನಗಳಲ್ಲಿ ಅದೂ ಇದೆ. ಕಲ್ಯಾಣದ ಬಾಗಿಲಲ್ಲೂ ಆಕೆಗೆ ಸುಲಭದ ಸ್ವಾಗತ ಸಿಗಲಿಲ್ಲ. ಕೇಳಬಾರದ ಪ್ರಶ್ನೆಗಳನ್ನೆಲ್ಲ ಕೇಳಿದವನು ಪಕ್ಕದೂರಿನ ಅಲ್ಲಮನೇ! ಎಲ್ಲಕ್ಕೂ ಉತ್ತರ ಕೊಟ್ಟು ಒಳಗೆ ಹೋದಳು, ಆಮೇಲೆ ಅದನ್ನೂ ಬಿಟ್ಟು ಶ್ರೀಶೈಲದ ಕದಳಿಗೆ ನಡೆದಳು. ಅಲ್ಲಮನ ಕೊನೆಯ ದಾರಿಯೂ ಅಲ್ಲಿಗೇ.

ತಿರುಗಿ ಬಂದವನು

ಇದೇ ಶ್ರೀಶೈಲದ ದಾರಿಯಲ್ಲಿ ಇವರಿಗಿಂತ ಎಂಟುನೂರು ವರ್ಷ ಮೊದಲು ಇನ್ನೊಬ್ಬ ಹೋಗಿದ್ದ. ಬಳ್ಳಿಗಾವಿಯಿಂದ ನಾಲ್ಕೈದು ಕಿ.ಮೀ. ದೂರದ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಶಾಸನ ಇದೆ, 5ನೇ ಶತಮಾನದ್ದು. ಮಯೂರಶರ್ಮ ಎಂಬ ಹುಡುಗ ಗುರು ವೀರಶರ್ಮನ ಜೊತೆ ಓದಲು ಕಂಚಿಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು, ಅವಮಾನ ತಡೆಯದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಶ್ರೀಪರ್ವತ, ಅಂದರೆ ಶ್ರೀಶೈಲದ ಬಾಗಿಲವರೆಗಿನ ಕಾಡುಗಳಲ್ಲಿ ಬೀಡುಬಿಟ್ಟು ಪಲ್ಲವರನ್ನು ಸತಾಯಿಸಿದ. ಕೊನೆಗೆ ಅವರೇ ಇವನನ್ನು ಒಪ್ಪಿಕೊಳ್ಳಬೇಕಾಯಿತು. ಕದಂಬ ರಾಜ್ಯ ಹುಟ್ಟಿದ್ದು ಹೀಗೆ. ಮನೆಯ ಹಿರಿಯರಿಗೆ ಇದೆಲ್ಲ 1975ರ ರಾಜ್‌ಕುಮಾರ್ ಸಿನಿಮಾ 'ಮಯೂರ'ದಿಂದ ಬಾಯಿಪಾಠ. ಇದೇ ಗುಡಿಯ ಆವರಣದಲ್ಲಿ 2013ರ ಹೊತ್ತಿಗೆ ಉತ್ಖನನದಲ್ಲಿ ಸಿಂಹದ ಕಟಾಂಜನದ ಮೇಲಿನ ಕನ್ನಡ ಬರಹವೂ ಸಿಕ್ಕಿತು. ಅದು ಸುಮಾರು ಕ್ರಿ.ಶ. 370ರದು, ಹಲ್ಮಿಡಿಗಿಂತ ಹಳೆಯದು ಅಂತ ಪುರಾತತ್ವ ಇಲಾಖೆಯವರು ಹೇಳಿದ ಮೇಲೆ ತಾಳಗುಂದ ಸುದ್ದಿಯಲ್ಲಿದೆ.

ಒಂದೇ ತಾಲ್ಲೂಕಿನ ಮೂವರು, ಒಂದೇ ಬೆಟ್ಟದ ಕಡೆ ಹೋದವರು. ಒಬ್ಬ ಕತ್ತಿ ಹಿಡಿದು ಹೋದ, ಗೆದ್ದು ತನ್ನ ಸೀಮೆಗೆ ತಿರುಗಿ ಬಂದು ಬನವಾಸಿಯಲ್ಲಿ ರಾಜ್ಯ ಕಟ್ಟಿದ. ಇಬ್ಬರು ಬರಿಗೈಲಿ ಹೋದರು, ಬರಲೇ ಇಲ್ಲ. ಈ ಸೀಮೆ ಮೂವರನ್ನೂ ತನ್ನವರು ಅನ್ನುತ್ತದೆ. ಬರದೆ ಹೋದವರನ್ನು ಯಾರೂ ಇಲ್ಲಿ ಊರು ಮರೆತವರು ಅಂತ ಬೈಯುವುದಿಲ್ಲ.

ಇನ್ನೊಂದು ಪಟ್ಟಿ

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಶಿಕಾರಿಪುರದ ಸುತ್ತಮುತ್ತ ಬೈಕಿನಲ್ಲಿ ಹೋದರೆ ಅಲ್ಲಲ್ಲಿ ಲಂಬಾಣಿ ತಾಂಡಾಗಳು ಸಿಗುತ್ತವೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶದ ಉದ್ದಗಲ ತಿರುಗಿದ ಜನ ಇವರು. ಅವರ ಗುರು ಸಂತ ಸೇವಾಲಾಲರ ಕ್ಷೇತ್ರವಾದ ಸೂರಗೊಂಡನಕೊಪ್ಪ ಇಲ್ಲಿಗೆ ಹತ್ತಿರ, ಪಕ್ಕದ ನ್ಯಾಮತಿ ತಾಲ್ಲೂಕಿನಲ್ಲಿದೆ. ರೈಲು ಬಂತು, ಎತ್ತಿನ ಹೇರಿಗೆ ಕೆಲಸ ಇಲ್ಲದಾಯಿತು. ಅದರ ಮೇಲೆ ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ದೇಶದ ಬೇರೆ ಬೇರೆ ಭಾಗಗಳಲ್ಲಿ ಅಲೆಮಾರಿ ಸಮುದಾಯಗಳ ಹೆಸರು ಒಂದೊಂದಾಗಿ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿ ಹೆಸರು ಬಂತೆಂದರೆ ಹುಟ್ಟಿದ ಮಗುವೂ ಅನುಮಾನದವನೇ. ಪೊಲೀಸರ ಹತ್ತಿರ ಹಾಜರಿ ಕೊಡಬೇಕು, ಹೇಳದೆ ಊರು ದಾಟುವ ಹಾಗಿಲ್ಲ. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ ಆ ಪಟ್ಟಿ ರದ್ದಾಯಿತು.

1162ರಲ್ಲಿ ಒಂದು ಪಟ್ಟಿ, 1871ರಲ್ಲಿ ಒಂದು ಪಟ್ಟಿ. ಎರಡರಲ್ಲೂ ತಿರುಗುವವರದೇ ಹೆಸರು. ಒಂದು ಊಟಕ್ಕೆ ಕರೆಯಲು ಬರೆದದ್ದು, ಇನ್ನೊಂದು ಕಾವಲಿಗೆ ಬರೆದದ್ದು. ಕಾಯ್ದೆ ಹೋದರೂ ಕಾವಲಿನ ಕಣ್ಣು ಪೂರ್ತಿ ಹೋಗಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಗೊರವಯ್ಯನೋ, ಕೋಲೆಬಸವನನ್ನು ಕರೆತಂದವನೋ ಬಂದರೆ ವಾಟ್ಸಾಪ್ ಗ್ರೂಪಿನಲ್ಲಿ ಏನು ಮೆಸೇಜ್ ಬೀಳುತ್ತೆ ಅಂತ ನಿಮಗೂ ಗೊತ್ತು.

ಅಕ್ಕನಿಗೆ ಹಬ್ಬ ಮಾಡಿ, ಕಬ್ಬು ಕಡಿಯಲು ಕಾಫಿ ತೋಟಕ್ಕೆ ಅಂತ ವರ್ಷವರ್ಷವೂ ಗುಳೆ ಹೋಗುವವರನ್ನು ನೋಡದೆ ಹೋದರೆ ನಾವು ಶಾಸನದ ಅರ್ಧವನ್ನು ಮಾತ್ರ ಓದಿದ ಹಾಗೆ. ಅಲ್ಲಮನ ಅಲೆದಾಟ ಅವನ ಆಯ್ಕೆ. ಹೊಟ್ಟೆಪಾಡಿಗೆ ಮಕ್ಕಳ ಶಾಲೆ ಬಿಡಿಸಿ ಹೋಗುವವರದು ಆಯ್ಕೆಯಲ್ಲ. ಇಬ್ಬರಿಗೂ ಬೇಕಾದ್ದು ಮಾತ್ರ ಒಂದೇ: ಹೋದ ಕಡೆ ಬಾಗಿಲು.

ಬಾಗಿಲು ತೆಗೆಯುವವರು

ನಮ್ಮದೂ ಆನವಟ್ಟಿ ಕಡೆಯ ಒಂದು ಹಳ್ಳಿ, ಸೊರಬ ತಾಲ್ಲೂಕು. ನಾನು ಬೆಂಗಳೂರು ಸೇರಿ ಹನ್ನೊಂದು ವರ್ಷ, ಇದು ಆರನೇ ಬಾಡಿಗೆ ಮನೆ. ಗ್ಯಾಸ್ ಸಿಲಿಂಡರಿಗೆ ಅಡ್ರೆಸ್ ಬದಲಿಸಿ ಬದಲಿಸಿ ಸಾಕಾಗಿದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಊರಲ್ಲಿ ಒಬ್ಬರೇ. ಮನೆ, ಒಂದೂವರೆ ಎಕರೆ ಗದ್ದೆ ಮಾರಿ ಅಮ್ಮನನ್ನು ಕರೆದುಕೊಂಡು ಹೋಗೋದು ಅಂತ ಅಕ್ಕ, ನಾನು ಮಾತಾಡಿಕೊಂಡಿದ್ದೆವು. ಹೋದ ಮಳೆಗಾಲ ಊರಿಗೆ ಹೋದಾಗ ವಿಷಯ ಎತ್ತಿದೆ. ಅಮ್ಮ ಕಳಲೆ ಹೆಚ್ಚುತ್ತಿದ್ದರು. ಕತ್ತಿ ನಿಲ್ಲಿಸದೆ ಅಂದರು: "ನಾನೂ ಅಲ್ಲಿಗೇ ಬಂದ್ರೆ, ನೀನು ಊರಿಗೆ ಬಂದಾಗ ಬಾಗ್ಲು ತೆಗ್ಯೋರು ಯಾರೋ?"

"ಆವಾಗ ಊರಿಗೆ ಯಾಕಮ್ಮ ಬರ್ತೀನಿ?" ಅಂದೆ.

"ಅದೇ ಮತ್ತೆ" ಅಂದರು. ಮಾತು ಅಲ್ಲಿಗೆ ಮುಗಿಯಿತು.

ವಿಷಯ ಇನ್ನೂ ತೀರ್ಮಾನವಾಗಿಲ್ಲ. ಅಮ್ಮನ ಮೊಣಕಾಲು ನೋವು ನಿಜ, ರಾತ್ರಿ ಕರೆಂಟು ಹೋದರೆ ನಮಗೆ ಹತ್ತೋ ಭಯವೂ ನಿಜ. ಆದರೆ ಒಂದು ತಿಳಿಯಿತು. ಇಷ್ಟು ದಿನ ನಾನು ಹೊರಟವಳು, ಅಮ್ಮ ಅಲ್ಲೇ ಉಳಿದವರು ಅಂದುಕೊಂಡಿದ್ದೆ, ಉಳಿದಿರೋದು ಏನೋ ಕಡಿಮೆ ಅನ್ನೋ ಹಾಗೆ. ಜಂಗಮದ ಬಗ್ಗೆ ನಾವು ಎಷ್ಟೊಂದು ಹಾಡಿದ್ದೇವೆ. ಕೋಡಿಯ ಮಠದಲ್ಲಿ ಮುಂಜಾನೆ ಎದ್ದು ಒಲೆ ಹಚ್ಚಿದವರ ಹೆಸರು ಯಾವ ಕಲ್ಲಿನ ಮೇಲೂ ನನಗೆ ಕಾಣಲಿಲ್ಲ. ಗುರುಗಳ ಹೆಸರಿದೆ, ದಾನ ಕೊಟ್ಟವರ ಹೆಸರಿದೆ. ಅನ್ನ ಬಸಿದವರದ್ದಿಲ್ಲ. ಅವರಿಲ್ಲದಿದ್ದರೆ ಹಂಸ ಪರಮಹಂಸರೆಲ್ಲ ಅಶ್ವತ್ಥಾಮರೇ.

ಸೊರಬದಿಂದ ಹದಿನೈದು ಕಿ.ಮೀ. ಆಸುಪಾಸಿನಲ್ಲಿ ಗುಡವಿ ಪಕ್ಷಿಧಾಮ ಇದೆ. ಮಳೆ ಹಿಡಿದ ಮೇಲೆ ಕೆರೆಯೊಳಗಿನ ಮರಗಳ ತುಂಬ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ. ಬರುತ್ತವೆ, ಗೂಡು ಕಟ್ಟುತ್ತವೆ, ಮರಿ ಹಾರಿದ ಮೇಲೆ ಹೋಗುತ್ತವೆ. ಮತ್ತೆ ಮುಂದಿನ ವರ್ಷ ಅದೇ ಮರಕ್ಕೆ. ಕೆರೆ ಎಲ್ಲಿಗೂ ಹೋಗುವುದಿಲ್ಲ. ಕೆರೆ ಬತ್ತಿದ ವರ್ಷ ಹಕ್ಕಿಗಳೂ ಬರುವುದಿಲ್ಲ.

ಪಕ್ಕದ ಬನವಾಸಿಯನ್ನು ಪಂಪ ನೆನೆದದ್ದೂ ದೂರದಲ್ಲಿ ಕೂತೇ. 941ರಲ್ಲಿ ಅವನು 'ವಿಕ್ರಮಾರ್ಜುನ ವಿಜಯ' ಮುಗಿಸಿದ್ದು ಅರಿಕೇಸರಿಯ ಆಸ್ಥಾನದಲ್ಲಿ, ಈಗಿನ ತೆಲಂಗಾಣದ ವೇಮುಲವಾಡ ಕಡೆ. ಬನವಾಸಿಯ ಆಸೆಯನ್ನು ಅವನು ಯಾರ ಬಾಯಲ್ಲಿ ಹೇಳಿಸಿದ ನೋಡಿ: ಊರು ಬಿಟ್ಟು ದೇಶ ತಿರುಗುತ್ತಿದ್ದ ಅರ್ಜುನನ ಬಾಯಲ್ಲಿ. ತಿರುಗುವವನಿಗೇ ಗೊತ್ತು ನಿಲ್ಲುವ ಊರಿನ ಬೆಲೆ.

ಹೋಗೋದಾದರೆ

ಶಿವಮೊಗ್ಗದಿಂದ ಸವಳಂಗ ಮೇಲೆ ಶಿಕಾರಿಪುರ ಸುಮಾರು 50 ಕಿ.ಮೀ. ಮೊದಲ ದಿನ ಶಿಕಾರಿಪುರದ ಹುಚ್ಚರಾಯಸ್ವಾಮಿ ಗುಡಿ, ಉಡುತಡಿ, ಬಳ್ಳಿಗಾವಿ, ತಾಳಗುಂದ ಆರಾಮವಾಗಿ ಮುಗಿಯುತ್ತವೆ. ಬಳ್ಳಿಗಾವಿಗೆ ಬೆಳಗ್ಗೆಯೇ ಹೋಗಿ, ಕೇದಾರೇಶ್ವರದ ಆವರಣದಲ್ಲಿ ಜೋಡಿಸಿಟ್ಟ ಶಿಲ್ಪ, ಶಾಸನಗಳಿಗೆ ಒಂದು ಗಂಟೆ ಕೊಡಿ. ಎರಡನೇ ದಿನ ಆನವಟ್ಟಿ ಹತ್ತಿರದ ಕುಬಟೂರಿನ ಕೈಟಭೇಶ್ವರ, ಸೊರಬ, ಗುಡವಿ, ಚಂದ್ರಗುತ್ತಿ. ಹೊತ್ತು ಉಳಿದರೆ ಬನವಾಸಿ. ಗುಡವಿಗೆ ಜೂನ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ. ಚಂದ್ರಗುತ್ತಿ ಬೆಟ್ಟ ಮಳೆಯಲ್ಲಿ ಜಾರುತ್ತದೆ, ಚಪ್ಪಲಿ ನೋಡಿಕೊಳ್ಳಿ.

ಊಟಕ್ಕೆ ಶಿರಾಳಕೊಪ್ಪ, ಆನವಟ್ಟಿ, ಸೊರಬ ಪೇಟೆಗಳನ್ನು ನೆಚ್ಚಿಕೊಳ್ಳಿ. ಈ ಕಡೆ ನೆಂಟರ ಮನೆ ಇದ್ದರೆ ಮಾತ್ರ ಹೋಟೆಲಿನ ಯೋಚನೆ ಬಿಟ್ಟು, ಹೊರಡುವ ಮೊದಲು ಒಂದು ಫೋನ್ ಮಾಡಿ. ಇನ್ನೊಂದು ಹಿಡಿ ಅಕ್ಕಿ ಹಾಕಲು ಅವರಿಗೂ ಗೊತ್ತಾಗಬೇಕಲ್ಲ.